ಲಿನಕ್ಸ್ ಹಾಕಿದ ಲ್ಯಾಪ್‌ಟಾಪ್

ಯಾವ ಆಪರೇಟಿಂಗ್ ಸಿಸ್ಟಮ್ ಹಾಕಲಿ ಎಂದು ಸೋದರಮಾವನನ್ನು ಕೇಳಿದ್ದೇ ನನ್ನ ಕರ್ಮ. ಅವನಿಗೆ ಸುರಪುರದಲ್ಲಿ ಕಂಪ್ಯೂಟರ್ ರಿಪೇರಿ ಅಂಗಡಿ, ನಮ್ಮ ಮನೆ ಶಹಾಪುರದಲ್ಲಿ. ನಾನು ತೊಟ್ಟಿಲಲ್ಲಿದ್ದಾಗಲೇ ಅವ್ವ ನನ್ನನ್ನು ಅವನಿಗೇ ಕೊಡುವುದೆಂದು ಮಾತು ಕೊಟ್ಟಿದ್ದಳು. ನಾನೋ ಮೊಬೈಲ್ ಆ್ಯಪ್ ಮಾಡುವುದನ್ನು ಕಲಿತು, ಸೈದಾಪುರ ಸ್ಟೇಷನ್ನಿನಿಂದ ಕಡೇಚೂರಿಗೆ ಕೆಲಸಕ್ಕೆ ಹೋಗುವವರಿಗೆ ಆಟೊ ಯಾವಾಗ ಸಿಗುತ್ತದೆಂದು ತೋರಿಸುವ ಆ್ಯಪ್ ಕಟ್ಟುತ್ತಿದ್ದೆ. ಅಲ್ಲಿಯ ಒಂದು ಫ್ಯಾಕ್ಟರಿಯವರು ಅದನ್ನು ನೋಡಿ, ಮೆಚ್ಚಿದರೆ ಆಫೀಸಿನಲ್ಲಿ ಕೆಲಸ ಕೊಡುತ್ತೇವೆ ಎಂದಿದ್ದರು. ಕೆಲಸ ಸಿಕ್ಕರೆ ಮದುವೆಯ ಮಾತು ಬಿಡುತ್ತೇನೆಂದು ಅವ್ವ ಒಪ್ಪಿದ್ದಳು.

"ವಿಂಡೋಸ್ ಹಾಕ್ಕೊ. ಊರೆಲ್ಲಾ ಅದನ್ನ ಹಾಕ್ಕೊಂಡದ," ಎಂದ ಮಾವ. "ಮ್ಯಾಕ್ ನಿನ್ನ ಹಣೇಬರದಾಗ ಇಲ್ಲ. ಲಿನಕ್ಸ್ ಹಾಕಿದ್ರ ಆ ಡಬ್ಬಿ ರೊಟ್ಟಿ ಬಡಿಯಾಕೂ ಬರಂಗಿಲ್ಲ."

ಐಫೋನಿಗೆ ಆ್ಯಪ್ ಕಟ್ಟಲು ಮ್ಯಾಕ್ ಬೇಕೇ ಬೇಕು. ಆದರೆ ಸೈದಾಪುರದಲ್ಲಿ ಆಟೊ ಕಾಯುವವರ ಕೈಗೆ ಐಫೋನ್ ಎಲ್ಲಿಂದ ಬರಬೇಕು? ಆ ಚಿಂತೆ ಬಿಟ್ಟೆ. ನನ್ನ ಹಳೆಯ ಲ್ಯಾಪ್‌ಟಾಪಿಗೆ ವಿಂಡೋಸ್ ಭಾರವಾಗಿ, ಕೋಡಿನ ಒಂದು ಸಾಲು ತಿದ್ದಿ ನೋಡುವಷ್ಟರಲ್ಲಿ ಒಲೆಯ ಮೇಲೆ ಅನ್ನ ಬೇಯುತ್ತಿತ್ತು. ಲಿನಕ್ಸ್ ಹಾಕಿದೆ, ಅದೇ ಮುದಿ ಯಂತ್ರ ಹೇಳಿದ ಮಾತು ಕೇಳತೊಡಗಿತು. ಮಾವನಿಗೆ ತೋರಿಸಿದಾಗ ಅವನ ಮುಖ ಹುಳ್ಳಗಾಯಿತು. ನನಗೆ ಖುಷಿಯೋ ಖುಷಿ.

ಆ್ಯಪ್ ತೋರಿಸಲು ಕಡೇಚೂರಿಗೆ ಹೋಗುವ ಹಿಂದಿನ ದಿನ ಯಾದಗಿರಿಯಲ್ಲಿ ಏನೋ ಕೆಲಸವಿತ್ತು, ಮುಗಿಸಿಕೊಂಡು ಬಂದೆ. ಲ್ಯಾಪ್‌ಟಾಪ್ ಇರಲಿಲ್ಲ.

"ನಿಮ್ಮ ಮಾವ ಒಯ್ದಾನ. ನಾಳಿ ದೊಡ್ಡವರ ಮುಂದ ಇಡೂದು, ಒಂದೀಟು ಸಾಫ್ ಮಾಡ್ಲಿ ಅಂತ ಕೊಟ್ಟೆ," ಎಂದಳು ಅವ್ವ.

ಅವನ ಅಂಗಡಿಯ ಪದ್ಧತಿ ಸುರಪುರಕ್ಕೆಲ್ಲ ಗೊತ್ತು. ಚಾರ್ಜರ್ ಕೆಟ್ಟು ಬಂದ ಲ್ಯಾಪ್‌ಟಾಪನ್ನೂ ಮೊದಲು ಪೂರ್ತಿ ಅಳಿಸಿ, ಹೊಸ ವಿಂಡೋಸ್ ಹಾಕಿ, ಆಮೇಲೆ ಏನಾಗಿದೆ ಎಂದು ಕೇಳುವ ಆಸಾಮಿ ಅವನು.

ಸಂಜೆ ಲ್ಯಾಪ್‌ಟಾಪಿಗೆ ಕುಂಕುಮ ಹಚ್ಚಿ ತಂದ. ತೆರೆದರೆ ವಿಂಡೋಸ್. ನನ್ನ ಕೋಡ್ ಇಲ್ಲ. ಅದರ ಪ್ರತಿ ಇಟ್ಟಿದ್ದ ಪೆನ್‌ಡ್ರೈವ್ ಲ್ಯಾಪ್‌ಟಾಪಿನ ಬ್ಯಾಗಿನಲ್ಲೇ ಇತ್ತು, ವಿಂಡೋಸ್ ಹಾಕಲು ಅದನ್ನೇ ಅಳಿಸಿ ಬಳಸಿದ್ದ. ಆ್ಯಪ್ ನನ್ನ ಫೋನಿನಲ್ಲಿ ಉಳಿದಿತ್ತು ನಿಜ, ಆದರೆ ಫ್ಯಾಕ್ಟರಿಯವರು ತಮ್ಮೆದುರೇ ಕೋಡ್ ತಿದ್ದಿ ತೋರಿಸಬೇಕು ಎಂದಿದ್ದರು. ಮನೆಯವರ ಫೋಟೋಗಳು ಮಾತ್ರ ಒಂದೂ ಕಳೆಯದೆ ಕೂತಿದ್ದವು.

"ಮಾವಾ, ಈ ಫೋಟೋ ಎಲ್ಲಿಂದ ತಗದಿ?"

"ನಿನ್ನ ಲಿನಕ್ಸ್‌ನಾಗ ಇದ್ವಲ್ಲ, ಅಲ್ಲಿಂದನ."

"ಅವುಗಳ ಬಾಜೂಕನ ನನ್ನ ಕೋಡ್ ಇತ್ತಲ್ಲ. ಅದು ಕಾಣಲಿಲ್ಲೇನು?"

ಅವನು ಚಹಾದ ಕಪ್ಪಿನೊಳಗೆ ನೋಡಿದ. ನಾನು ಬಾಯಿಗೆ ಬಂದಂತೆ ಬೈದೆ. ಕಳ್ಳ, ಹೊಟ್ಟೆಕಿಚ್ಚಿನವನೇ, ನಿನ್ನ ಅಂಗಡಿ ಹಾಳಾಗಲಿ ಎಂದೆ.

"ಅಂವಗ್ಯಾಕ ಬೈತಿ?" ಎಂದಳು ಅವ್ವ, ಬಾಗಿಲಲ್ಲಿ ನಿಂತು. "ಅಳಸು ಅಂತ ನಾನ ಹೇಳೀನಿ. ಫೋಟೋ ಅಷ್ಟ ಉಳಸು ಅಂದಿದ್ದೆ, ಉಳಸ್ಯಾನ."

ಮರುದಿನ ಬರಿಗೈಲಿ ಕಡೇಚೂರಿಗೆ ಹೋದೆ. ಅವರು ಚಹಾ ಕೊಟ್ಟು ಕಳಿಸಿದರು. ಮದುವೆಯಾಯಿತು. ಮಾವನ ಮೇಲಿನ ಸಿಟ್ಟು ಹೇಗೋ ಇಳಿಯಿತು, ಒಂದೇ ಅಂಗಡಿಯಲ್ಲಿ ಕೂತು ಎಷ್ಟು ದಿನ ಹಲ್ಲು ಕಡಿಯುವುದು? ಅವ್ವ ಆಗಾಗ ಶಹಾಪುರದಿಂದ ಬಸ್ಸು ಹತ್ತಿ, ಬಿಸಿಲಲ್ಲಿ ಬೆವರುತ್ತ ಅಂಗಡಿಗೆ ಬರುತ್ತಾಳೆ. ಗಿರಾಕಿಗಳ ಬೆಂಚು ತೋರಿಸುತ್ತೇನೆ. ನೀರು ಬೇಕೇನು ಎಂದು ಕೇಳುವುದಿಲ್ಲ.