ಕೊನೆಯ ಇನಿಂಗ್ಸಿಗೆ ಎದ್ದು ಹೋದವಳು

ಸೋಲುವ ತಂಡವನ್ನು ಮೆಚ್ಚಿಕೊಂಡರೆ ನಷ್ಟವೇನಿಲ್ಲ. ಟಿಕೆಟ್ ಅಗ್ಗಕ್ಕೆ ಸಿಗುತ್ತದೆ, ಪಕ್ಕದ ಸೀಟು ಖಾಲಿ ಇರುತ್ತದೆ, ಕಾಲು ಚಾಚಿ ಕೂರಬಹುದು. ಆದರೆ ಸೋಲಿನ ಕಾರಣವನ್ನು ಮೈದಾನದಲ್ಲೇ ಹುಡುಕಿ ಅಲ್ಲೇ ಬಿಟ್ಟು ಬನ್ನಿ, ಮನೆಯೊಳಗೆ ತರಬೇಡಿ. ಈ ಬುದ್ಧಿಮಾತನ್ನು ನಾನು ಪುಕ್ಕಟೆ ಹೇಳುತ್ತಿದ್ದೇನೆ. ನನಗೆ ಅದು ಪುಕ್ಕಟೆ ಸಿಕ್ಕದ್ದಲ್ಲ.

ಮುಚ್ಚಿಹೋದ ಕಾರ್ಖಾನೆಗಳ ಯಂತ್ರಗಳನ್ನು ಹರಾಜಿನಲ್ಲಿ ಹಿಡಿದು ಮಾರುವುದು ನನ್ನ ಕಸುಬು. ಈ ದೇಶಕ್ಕೆ ಬಂದ ಹೊಸದರಲ್ಲಿ ಷಿಕಾಗೋದ ದಕ್ಷಿಣ ಭಾಗದ ಒಂದು ಗೋದಾಮಿನ ಮೇಲಿನ ಕೋಣೆಯಲ್ಲಿದ್ದೆ. ಅಲ್ಲಿಯ ಬೇಸ್‌ಬಾಲ್ ತಂಡ ಆಗ ಅಂಟಿಕೊಂಡದ್ದು. ಮುಂದೆ ವಾರೆನ್‌ನಲ್ಲಿ ನನ್ನದೇ ಗೋದಾಮಾಯಿತು, ವೆಸ್ಟ್ ಬ್ಲೂಮ್‌ಫೀಲ್ಡ್‌ನಲ್ಲಿ ಮನೆಯಾಯಿತು, ಡೆಟ್ರಾಯಿಟ್ ಕಡೆಯವನಾದೆ. ತಂಡ ಮಾತ್ರ ಬದಲಾಗಲಿಲ್ಲ.

ಈ ವರ್ಷ ಆ ತಂಡ ಆಡಿದ್ದನ್ನು ಆಟ ಎನ್ನಲಾರೆ. ಕೈಗೆ ಬಂದ ಚೆಂಡನ್ನು ಹೆಂಚಿನಿಂದ ತೆಗೆದ ಬಿಸಿ ರೊಟ್ಟಿಯಂತೆ ಕೆಡವುವವರು, ಓಡಬೇಕಾದಾಗ ನಿಂತು ಆಕಾಶ ನೋಡುವವರು. ಇಂಥ ಯಂತ್ರಗಳು ಹರಾಜಿಗೆ ಬಂದರೆ ನಾನು ಗುಜರಿ ತೂಕಕ್ಕೂ ಕೇಳುವುದಿಲ್ಲ. ಆದರೂ ಆರು ತಿಂಗಳು ದಿನಾ ಟೀವಿ ಮುಂದೆ ಕೂತೆ.

ಆಟದ ಋತು ಶುರುವಾದ ವಾರವೇ ಸೊಸೆ ಬಂದಳು. ಬಾಗಲಕೋಟೆಯ ಕಡೆಯ ಹುಡುಗಿ, ಫಾರ್ಮಸಿ ಓದಿದವಳು. ಇಲ್ಲಿಯ ಪರೀಕ್ಷೆ ಕಟ್ಟಬೇಕಿತ್ತು. ಒಂದು ವರ್ಷ ನಮ್ಮಲ್ಲೇ ಇದ್ದು, ಆಮೇಲೆ ಪಕ್ಕದ ಬಡಾವಣೆಯಲ್ಲೇ ಮನೆ ಕೊಳ್ಳುವುದೆಂದು ಮಗ ಮಾತು ಕೊಟ್ಟಿದ್ದ. ಒಬ್ಬನೇ ಮಗ. ನಡೆದು ಹೋಗುವಷ್ಟು ದೂರದಲ್ಲಿರಲಿ ಎಂಬುದಷ್ಟೇ ನನಗೂ ನನ್ನ ಹೆಂಡತಿಗೂ ಉಳಿದಿದ್ದ ಆಸೆ. ಮನೆಯನ್ನೂ ನಾನು ಆಗಲೇ ನೋಡಿ ಇಟ್ಟಿದ್ದೆ.

ಏರ್‌ಪೋರ್ಟಿನಿಂದ ಬಂದವಳಿಗೆ ಹೆಂಡತಿ ಹೊಸ್ತಿಲಲ್ಲಿ ಅಕ್ಕಿ ತುಂಬಿದ ಸೇರು ಇಟ್ಟಿದ್ದಳು. ಒಳಗೆ ಆಟ ನಡೆದಿತ್ತು, ನಾನು ಸದ್ದು ಕಡಿಮೆ ಮಾಡಿದ್ದೆ. ನಮ್ಮವರು ಮೂರು ರನ್ ಮುಂದಿದ್ದರು. ಸೊಸೆ ಬಲಗಾಲಿನಿಂದ ಸೇರು ಒದ್ದಳು, ಅಕ್ಕಿ ಮರದ ನೆಲದ ಮೇಲೆ ಹರಡಿತು. ಅದೇ ಗಳಿಗೆಗೆ ಎದುರಾಳಿಯೊಬ್ಬ ಚೆಂಡನ್ನು ಗೋಡೆಯಾಚೆ ಹೊಡೆದು ನಾಲ್ಕು ರನ್ ತೆಗೆದ.

"ಕಾಲ್ಗುಣ ಅಂದ್ರ ಹಿಂಗಿರಬೇಕ ನೋಡ್ರಿ" ಎಂದೆ. ಎಲ್ಲರೂ ನಕ್ಕರು. ಅವಳೂ ನಕ್ಕಳು.

ಆ ನಗೆ ನನಗೆ ರುಚಿ ಹತ್ತಿತು. ಒಂದು ಸರಕು ಓಡುತ್ತದೆಂದು ಗೊತ್ತಾದ ಮೇಲೆ ವ್ಯಾಪಾರಿ ಅದನ್ನೇ ತಂದು ತಂದು ಇಡುತ್ತಾನೆ. ತಂಡ ಸೋತಾಗಲೆಲ್ಲ ಕಾಲ್ಗುಣದ ಮಾತು ತೆಗೆದೆ, ಸೋಲಿಗೇನೂ ಬರವಿರಲಿಲ್ಲ. ಶನಿವಾರದ ಊಟಗಳಲ್ಲಿ ಗೆಳೆಯರ ಮುಂದೆಯೂ ಹೇಳಿದೆ. ಮೈಸೂರಿನ ಡಾಕ್ಟರ್ ಒಬ್ಬರು ಅವಳೆದುರಿಗೇ ಕೇಳಿದರು: "ಏನ್ ಸಾರ್, ಇವತ್ತೂ ಮ್ಯಾಚ್ ಇದೆ. ಸೊಸೇನ ಮನೇಲಿ ಬಿಟ್ ಬರೋದಲ್ವಾ?"

ಮೇ ತಿಂಗಳಲ್ಲಿ ಒಂದು ದಿನ ಅವಳು ಒಗೆಯುವ ಬಟ್ಟೆ ತೆಗೆದುಕೊಂಡು ಬೇಸ್‌ಮೆಂಟಿಗೆ ಇಳಿದಾಗ ತಂಡ ಗೆದ್ದುಬಿಟ್ಟಿತು. ಅಲ್ಲಿಂದ ಮುಂದೆ ಆಟ ಬಿಗಿಯಾದರೆ "ಬಟ್ಟಿ ಏನರ ಅದಾವೇನವಾ" ಎಂದು ಕೇಳುವುದು ನನಗೆ ರೂಢಿಯಾಯಿತು. ಮೊದಮೊದಲು ನಗುತ್ತ ಇಳಿಯುತ್ತಿದ್ದಳು. ಆಮೇಲೆ ನಾನು ಕೇಳುವ ಮೊದಲೇ ಇಳಿಯತೊಡಗಿದಳು. ಮಗ "ಡ್ಯಾಡ್, ಸ್ಟಾಪ್ ಇಟ್" ಎಂದ. ಅವಳೇ ಬೇಜಾರು ಮಾಡಿಕೊಂಡಿಲ್ಲ, ನಿನಗೇನು ಎಂದು ಅವನ ಬಾಯಿ ಮುಚ್ಚಿಸಿದೆ.

ಜುಲೈನಲ್ಲಿ ಅವಳಿಗೆ ಡ್ರೈವಿಂಗ್ ಲೈಸೆನ್ಸ್ ಬಂದು ವಾರವಾಗಿತ್ತು. ಹಾಲು ತರಲು ಹೋಗಿದ್ದಾಗ ನಮ್ಮವರು ಹೇಗೋ ಮುಂದೆ ಬಂದರು. ನಾನು ಫೋನ್ ಮಾಡಿ, ಇನ್ನೂ ನಾಲ್ಕು ಇನಿಂಗ್ಸ್ ಇವೆ, ಅಲ್ಲೇ ಇರು ಎಂದೆ. ಇಲ್ಲಿಯ ಫ್ಯಾರನ್‌ಹೀಟ್ ಲೆಕ್ಕದಲ್ಲಿ ತೊಂಬತ್ತು ಡಿಗ್ರಿ ಬಿಸಿಲು. ಅಂಗಡಿಯ ಪಾರ್ಕಿಂಗಿನಲ್ಲಿ, ಕಾರಿನಲ್ಲಿ ಕೂತಿದ್ದು ಒಂದೂವರೆ ಗಂಟೆಯ ಮೇಲೆ ಬಂದಳು. ಕಾಯಿಸಿದರೆ ಹಾಲು ಒಡೆಯಿತು. ಹೆಂಡತಿ ಒಡೆದ ಹಾಲನ್ನು ನೋಡಿದಳು, ಸೊಸೆಯನ್ನು ನೋಡಿದಳು. ತಂಡ ಅಷ್ಟರಲ್ಲಿ ಸೋತಿತ್ತು.

ಆಗಸ್ಟಿನಲ್ಲಿ ಮಗನ ಕೆಲಸ ಹೋಯಿತು. ಆಬರ್ನ್ ಹಿಲ್ಸ್ ಕಡೆಯ ಕಾರಿನ ಬಿಡಿಭಾಗ ಮಾಡುವ ಒಂದು ಸಣ್ಣ ಕಂಪನಿ, ಅವನ ವಿಭಾಗವನ್ನೇ ಮುಚ್ಚಿದರು. ಆ ಕಂಪನಿ ಹೆಚ್ಚು ದಿನ ಬಾಳುವುದಿಲ್ಲವೆಂದು ಅದರ ಯಂತ್ರಗಳ ಸ್ಥಿತಿ ನೋಡಿಯೇ ನನಗೆ ಎರಡು ವರ್ಷದ ಹಿಂದೆ ತಿಳಿದಿತ್ತು. ಆದರೆ ನನ್ನ ಹೆಂಡತಿ ಅಡುಗೆಮನೆಯಲ್ಲಿ, ಸೊಸೆಗೆ ಕೇಳುವಂತೆ, "ಈಕಿ ಬಂದಾಗಿಂದ ಒಂದೂ ನೆಟ್ಟಗಾಗಿಲ್ಲ" ಎಂದಳು. ಹೆಂಡತಿ ನಗುತ್ತಿರಲಿಲ್ಲ. ಬೇಸ್‌ಬಾಲಿನ ಗಂಧವೂ ಇಲ್ಲದವಳು ನನ್ನ ಬೇಸ್‌ಬಾಲಿನ ಮಾತನ್ನು ತೆಗೆದುಕೊಂಡು ಸಂಸಾರಕ್ಕೆ ಹಚ್ಚಿದ್ದಳು. ಅದು ಬರೀ ಚೇಷ್ಟೆ ಎಂದು ನಾನು ಆಗಲೇ ಹೇಳಬಹುದಿತ್ತು. ಕಂಪನಿಯ ವಿಷಯವನ್ನಾದರೂ ಹೇಳಬಹುದಿತ್ತು. ಚಹಾ ಕುಡಿದು ಗೋದಾಮಿಗೆ ಹೋದೆ.

ಸೆಪ್ಟೆಂಬರಿನಲ್ಲಿ ಮಗನಿಗೆ ಕಾರಿನಲ್ಲಿ ಐದು ತಾಸು ದೂರದ ಷಿಕಾಗೋದಿಂದ ಕೆಲಸದ ಕರೆ ಬಂತು. ಎರಡು ವಾರ ಉತ್ತರ ಕೊಡದೆ ಇಟ್ಟುಕೊಂಡ. ನಿರ್ಧಾರ ಸೊಸೆಯದೆಂದು ಮನೆಯಲ್ಲಿ ಎಲ್ಲರಿಗೂ ಗೊತ್ತಿತ್ತು. ಋತುವಿನ ಕೊನೆಯ ಆಟ, ಭಾನುವಾರ ಮಧ್ಯಾಹ್ನ, ನಮ್ಮ ತಂಡ ಡೆಟ್ರಾಯಿಟಿಗೇ ಬಂದಿತ್ತು. ಮೂರು ಟಿಕೆಟ್ ತಂದೆ. ಅವಳನ್ನು ಪಕ್ಕದಲ್ಲಿ ಕೂರಿಸಿಕೊಂಡು ಈ ಕಾಲ್ಗುಣದ ಕತೆಯನ್ನು ಮುಗಿಸಬೇಕೆಂದಿದ್ದೆ. ಅವಳು ಸೌತೆಕಾಯಿ ಹೆಚ್ಚುತ್ತಿದ್ದಳು.

"ನಾ ಬಂದ್ರ ಸೋಲ್ತಾರಲ್ರಿ ಮಾವಾರ."

"ನೀ ಬಾರವಾ. ಗೆದ್ರಂದ್ರ ಹಿಂದಿಂದೆಲ್ಲಾ ಮಾಫ್."

ಚಾಕು ನಿಂತಿತು. "ಯಾರ್ದು ಮಾಫ್ರಿ?"

ನಾನು ಅದನ್ನೂ ಚೌಕಾಸಿ ಎಂದುಕೊಂಡು ನಕ್ಕೆ. ನೆನಪಿಡಿ: ತಪ್ಪು ಒಪ್ಪಿಕೊಳ್ಳಬೇಕಾದ ಕಡೆ ವ್ಯಾಪಾರಕ್ಕೆ ಇಳಿಯಬಾರದು. ಎದುರಿನವರ ಹತ್ತಿರ ಕೊಡುವುದಕ್ಕೇನೂ ಇರುವುದಿಲ್ಲ, ಕೊಡಬೇಕಾದವರು ನಾವೇ.

ಅವಳು ಬಂದಳು. ಸಾಲಿನ ತುದಿಗೆ ನಾನು, ನಡುವೆ ಅವಳು, ಆಚೆ ಮಗ. ಎಂಟು ಇನಿಂಗ್ಸ್ ಮುಗಿದವು. ಒಂಬತ್ತನೆಯದು, ಕೊನೆಯದು. ನಮ್ಮವರು ಒಂದೇ ರನ್ ಮುಂದೆ. ಡೆಟ್ರಾಯಿಟಿನವರು ಇಬ್ಬರು ರನ್ನಿಗೆ ಓಡಲು ಕಾದು ಬೇಸಿನ ಮೇಲೆ, ಇನ್ನೊಬ್ಬ ಔಟಾದರೆ ನಮ್ಮ ಗೆಲುವು. ನಾನು ಕೈಯಲ್ಲಿದ್ದ ಪೇಪರ್ ಕಪ್ಪನ್ನು ಹಿಂಡಿ ಮುದ್ದೆ ಮಾಡಿದ್ದೆ, ಅವಳು ಆ ಮುದ್ದೆಯನ್ನು ನೋಡುತ್ತಿದ್ದಳು.

"ನಾ ಹೊರಗ ಇರ್ತೀನ್ರಿ" ಎಂದು ಎದ್ದಳು.

ಮಗ ಅವಳ ತೋಳು ಹಿಡಿದ. ಬಿಡಿಸಿಕೊಂಡಳು. ಇಬ್ಬರೂ ನನ್ನ ಮುಖ ನೋಡಿದರು. ಕೂತುಕೋ ಎನ್ನಲು ಒಂದು ಕ್ಷಣ ಸಾಕಿತ್ತು. ನಾನು ಮೊಣಕಾಲು ಬದಿಗೆ ಸರಿಸಿ ದಾರಿ ಕೊಟ್ಟೆ.

ಚೆಂಡು ಎತ್ತರಕ್ಕೆ ಹೋಯಿತು. ವರ್ಷವೆಲ್ಲ ಕೆಡವಿದ್ದ ನಮ್ಮ ಹುಡುಗ ಅದೊಂದನ್ನು ಹಿಡಿದ. ಎದ್ದು ನಿಂತು ಕೂಗಿದೆ. ತಿರುಗಿ ನೋಡಿದರೆ ಮಗನ ಸೀಟೂ ಖಾಲಿ.

ಗೇಟಿನ ಬಳಿ ಇಬ್ಬರೂ ನಿಂತಿದ್ದರು.

"ಗೆದ್ರಲ್ರಿ?" ಎಂದಳು. "ಒಳಗ ಡೆಟ್ರಾಯಿಟ್ ಮಂದಿ ಸಪ್ಪಳಿಲ್ದಂಗ ಆದ್ರು. ಗೊತ್ತಾತು."

ಹೌದೆಂದೆ.

"ಹಂಗಾರ ನೀವು ಅಂದಿದ್ದು ಖರೇನ ಆತು."

ನಾನು ಜೇಬಿನಿಂದ ಕಾರಿನ ಕೀ ತೆಗೆದೆ. ಮಗ ಇಂಗ್ಲಿಷಿನಲ್ಲಿ, ನಾಳೆ ಷಿಕಾಗೋದವರಿಗೆ ಒಪ್ಪಿಗೆ ಕಳಿಸುತ್ತೇವೆ ಎಂದ. ಮನೆಯವರೆಗೆ ಕಾರು ಅವಳೇ ನಡೆಸಿದಳು.

ಅಕ್ಟೋಬರಿನಲ್ಲಿ ಹೋದರು. ನನ್ನ ತಂಡದ ಮೈದಾನದಿಂದ ಅವರ ಮನೆ ಇಪ್ಪತ್ತು ನಿಮಿಷ. ನಾನು ನೋಡಿಟ್ಟಿದ್ದ ಮನೆಗೆ ಬೇರೆ ಯಾರೋ ಬಂದು ದೀಪ ಹಚ್ಚಿದ್ದಾರೆ. ಮಗ ಭಾನುವಾರ ಫೋನ್ ಮಾಡುತ್ತಾನೆ. ಅವಳಿಗೆ ಕೊಡು ಎಂದರೆ ಪರೀಕ್ಷೆಗೆ ಓದುತ್ತಿದ್ದಾಳೆ ಎನ್ನುತ್ತಾನೆ.

ಮೊನ್ನೆ ಬೇಸ್‌ಮೆಂಟಿಗೆ ಇಳಿದಾಗ ಒಗೆಯುವ ಮಷಿನ್ನಿನ ಪಕ್ಕದಲ್ಲಿ ಒಂದು ಮಡಚುವ ಕುರ್ಚಿ ಕಂಡಿತು, ಗೋಡೆಗೆ ಮುಖ ಮಾಡಿ ಇಟ್ಟದ್ದು. ಮೇಲೆ ಟೀವಿ ಹಚ್ಚಿ ಬಂದು ಅದರ ಮೇಲೆ ಕೂತು ನೋಡಿದೆ. ಟೀವಿಯ ಮಾತು ಅಲ್ಲಿಗೆ ಕೇಳಿಸುವುದಿಲ್ಲ. ಅವಳಿಗೆ ನಾನು ಕೂಗಿದ್ದಷ್ಟೇ ಕೇಳಿಸಿರಬೇಕು.