ಸಂಶಿಯಲ್ಲಿ ಕೇಳಿದ ‘ಪ’ ಭಾಷೆ

ಸಂಶಿಯಲ್ಲಿ ಬಸ್ಸಿಗೆ ಕಾಯುತ್ತಿದ್ದೆ. ಕುಂದಗೋಳಕ್ಕೆ ಹೊರಟಿದ್ದ ಬಸ್ಸಿನ ಕಿಟಕಿಯಿಂದ ಮುದುಕಿಯೊಬ್ಬಳು ಕೆಳಗೆ ನಿಂತಿದ್ದ ಇನ್ನೊಬ್ಬಳಿಗೆ, “ಪಮ ಪನಿ ಪಗೆ ಪಬಾ” ಎಂದಳು. ಭಾಷೆ, ಉಚ್ಚಾರಗಳ ಹುಚ್ಚಿರುವ ನಾನು ಕಿವಿ ನಿಮಿರಿಸಿದೆ. ಕೆಳಗಿದ್ದವಳ ತುಟಿ ಅಲುಗಿತು, ಮಾತು ಹೊರಡಲಿಲ್ಲ. ಬಸ್ಸು ಹೋಯಿತು.

“ಅದ್ಯಾವ ಭಾಷಾರಿ, ಅವ್ವಾ?” ಕೆಳಗಿದ್ದವಳನ್ನು ಕೇಳಿದೆ.

“ಸಣ್ಣವರಿದ್ದಾಗ ನಾನೂ ನಮ್ಮಕ್ಕನೂ ಮಾಡ್ಕೊಂಡಿದ್ದು. ಒಂದೊಂದ ಅಕ್ಷರದ ಮುಂದ ‘ಪ’ ಹಚ್ಚೂದ್ರಿ. ಹೊಲದ ಜಗಳದಾಗ ಮಾತು ಬಿಟ್ಟು ಬಾಳ ವರ್ಷಾತು. ಇವತ್ತ ಆಕೀನ ‘ಮನಿಗೆ ಬಾ’ ಅಂದ್ಲು.”

“ನೀವು ಏನೂ ಅನ್ನಲಿಲ್ಲ?”

“ಬರ್ತೇನಿ ಅನ್ನೂದನ್ನ ಆ ಭಾಷಾದಾಗ ಹೆಂಗ ಅನ್ನೂದಂತ ನೆನಸಾಕ್ಹತ್ತಿದ್ದೆ. ಅಷ್ಟರಾಗ ಬಸ್ಸ ಹೋತು.” ಸೆರಗಿನಿಂದ ಕಣ್ಣೊರೆಸಿಕೊಂಡಳು. “ಸಾದಾ ಮಾತಿನ್ಯಾಗ ಅಂದಿದ್ರೂ ಆಗ್ತಿತ್ತಲ್ರಿ.”