ಅತ್ತೆ ನೋಡಿದ ವ್ಯಾಂಕೂವರ್

ಶನಿವಾರ ಬೆಳಗಿನ ಜಾವ ಅಮೆರಿಕದ ವಾಯವ್ಯ ಮೂಲೆಯ ಬಾಥೆಲ್‌ನ ನಮ್ಮ ಸಾಲುಮನೆಗಳಲ್ಲಿ ಎಲ್ಲಿಂದಲಾದರೂ ಪುಳಿಯೋಗರೆಯ ವಾಸನೆ ಬಂತೆಂದರೆ ತಿಳಿದುಕೊಳ್ಳಿ: ಯಾರದೋ ಮನೆಗೆ ಊರಿನಿಂದ ಹಿರಿಯರು ಬಂದಿದ್ದಾರೆ, ಇವತ್ತು ಅವರನ್ನು ಕೆನಡಾದ ವ್ಯಾಂಕೂವರ್‌ಗೆ ಕರೆದೊಯ್ಯುತ್ತಿದ್ದಾರೆ. ಚಿತ್ರಾನ್ನವಾದರೆ ಹತ್ತಿರದ ಜಲಪಾತ, ಬರೀ ಮೊಸರನ್ನವಾದರೆ ದೇವಸ್ಥಾನ. ಗಡಿ ದಾಟಬೇಕಾದರೆ ಮಾತ್ರ ಪುಳಿಯೋಗರೆಯೇ ಆಗಬೇಕು. ಕೆಡುವುದಿಲ್ಲ, ಚೆಲ್ಲುವುದಿಲ್ಲ, ಗಡಿಯ ಅಧಿಕಾರಿ ಡಬ್ಬಿಯಲ್ಲೇನು ಎಂದು ಕೇಳಿದರೆ ‘ರೈಸ್’ ಎಂದು ಒಂದೇ ಮಾತಿನಲ್ಲಿ ಮುಗಿಸಬಹುದು. ಕಳೆದ ಶನಿವಾರ ಹಲ್ಲುಜ್ಜುತ್ತ ನಿಂತಿದ್ದಾಗ ಪಕ್ಕದ ಮನೆಯಿಂದ ಆ ವಾಸನೆ ಬಂತು. ಕೂಡಲೇ ನನಗೆ ಅತ್ತೆಯ ನೆನಪಾಯಿತು. ಅತ್ತೆಯೇನೋ ಕೆಳಗೆ ನಮ್ಮ ಅಡುಗೆಮನೆಯಲ್ಲೇ ಕಾಫಿ ಸೋಸುತ್ತಿದ್ದರು. ನೆನಪಾದದ್ದು ಏಳು ವರ್ಷದ ಹಿಂದಿನ ಅತ್ತೆ.

ಅದಕ್ಕೆ ಮೊದಲು ವ್ಯಾಂಕೂವರ್ ಕಾಣದವರಿಗೆ ಅಲ್ಲಿ ನೋಡುವಂಥದ್ದು ಏನಿದೆ ಎಂದು ಹೇಳಿಬಿಡುತ್ತೇನೆ. ಅತಿಥಿಗಳನ್ನು ಹೊತ್ತುಕೊಂಡು ನಾನು ಅಲ್ಲಿಗೆ ಅದೆಷ್ಟು ಸಲ ಹೋಗಿದ್ದೇನೆಂದರೆ, ಸಮುದ್ರದಂಡೆಯ ಹಕ್ಕಿಗಳಿಗೂ ನನ್ನ ಗುರುತಿರಬೇಕು. ಊರು ಚೆನ್ನಾಗಿಯೇ ಇದೆ, ನನ್ನ ತಕರಾರೆಲ್ಲ ನೋಡಲು ಹೋಗುವ ನಮ್ಮ ಮೇಲೆ. ಅಲ್ಲೊಂದು ಹಬೆ ಗಡಿಯಾರವಿದೆ. ಕಾಲು ಗಂಟೆಗೊಮ್ಮೆ ಹಬೆ ಬಿಟ್ಟು ಶಿಳ್ಳೆ ಹಾಕುತ್ತದೆ. ಮನೆಯಲ್ಲಿ ಕುಕ್ಕರಿನ ಶಿಳ್ಳೆ ಎಣಿಸುತ್ತ ಜೀವ ತೇದವರು ಅದರ ಮುಂದೆ ಫೋನು ಹಿಡಿದು ಭಕ್ತಿಯಿಂದ ನಿಲ್ಲುತ್ತಾರೆ. ಒಂದು ತೂಗುಸೇತುವೆಯಿದೆ. ಮೈಸೂರಿನಿಂದ ಹಳ್ಳಿಗೆ ಹೋಗುವ ಬಸ್ಸಿನಲ್ಲಿ ಪುಕ್ಕಟೆಯಾಗಿ ಸಿಗುವ ಅಲುಗಾಟಕ್ಕೆ ಅಲ್ಲಿ ಟಿಕೆಟ್ಟು ಕೊಡಬೇಕು. ಸ್ಟಾನ್ಲಿ ಪಾರ್ಕಿನಲ್ಲಿ ಆ ನೆಲದ ಮೂಲಜನರು ಕೆತ್ತಿದ ಎತ್ತರದ ಮರದ ಕಂಬಗಳಿವೆ. ಅದ್ಭುತವಾದ ಕೆಲಸ. ನಮ್ಮವರು ಬೇಲೂರಿನ ಶಿಲ್ಪವನ್ನು ನೋಡುವಂತೆಯೇ ಅವನ್ನೂ ನೋಡುತ್ತಾರೆ, ಅಂದರೆ ಬೆನ್ನು ಹಾಕಿ ನಿಂತು ಫೋಟೊ ತೆಗೆಸಿಕೊಳ್ಳುತ್ತಾರೆ. ಕೊನೆಗೆ ಸಂತೆಗೆ ಹೋಗಿ, ಚೆರ್ರಿ ಹಣ್ಣನ್ನು ಮುಟ್ಟಿ ನೋಡಿ, ನಮ್ಮ ಮನೆ ಹತ್ತಿರದ ಬಡಾವಣೆ ಕ್ರಾಸ್‌ರೋಡ್ಸ್‌ನ ಅಂಗಡಿಯಲ್ಲೇ ಸೋವಿ ಎಂದು ತೀರ್ಮಾನಿಸಿ ವಾಪಸ್ಸು ಬರುತ್ತಾರೆ.

ಇಷ್ಟಕ್ಕಾಗಿ ಎರಡು ಗಂಟೆ ಡ್ರೈವ್ ಮಾಡಿ ಇನ್ನೊಂದು ದೇಶಕ್ಕೆ ಹೋಗಬೇಕೆ ಎಂದು ನೀವು ಕೇಳಬಹುದು. ಹೋಗಬೇಕು. ಅದು ಪ್ರವಾಸವಲ್ಲ, ಸಂಭಾವನೆ. ಇಲ್ಲಿ ಮಗಳಿಗೋ ಸೊಸೆಗೋ ಹೆರಿಗೆಯಾಗುತ್ತದೆ. ಊರಿನಿಂದ ತಾಯಿ ಅಂಟಿನುಂಡೆ, ಬಜೆ, ಎಣ್ಣೆ ಸೀಸೆಗಳನ್ನು ಸೂಟ್‌ಕೇಸಿನಲ್ಲಿ ತುಂಬಿಕೊಂಡು ಬರುತ್ತಾಳೆ. ಐದು ತಿಂಗಳು ಮಗುವಿಗೆ ನೀರು ಹಾಕಿ, ಬಾಣಂತಿಗೆ ಸಾರು ಕಾಸಿ, ನಾವು ಆಫೀಸಿನ ಮೀಟಿಂಗಿನಲ್ಲಿರುವಾಗ ಮಗುವಿನ ಬಾಯಿಗೆ ಕೈ ಅಡ್ಡ ಹಿಡಿದು ಓಡಾಡುತ್ತಾಳೆ. ಇಷ್ಟೆಲ್ಲ ಮಾಡಿದವಳನ್ನು ಬರಿಗೈಯಲ್ಲಿ ಕಳಿಸಲಾದೀತೆ? ವಿಮಾನ ಹತ್ತಿಸುವ ಮೊದಲು ಒಂದು ಶನಿವಾರ ವ್ಯಾಂಕೂವರ್ ತೋರಿಸಿ ಋಣ ತೀರಿತೆಂದು ಕೈ ತೊಳೆದುಕೊಳ್ಳುತ್ತೇವೆ. ಅಮೆರಿಕ ತೋರಿಸಲು ನಮಗೆ ರಜೆ ಸಿಗುವುದಿಲ್ಲ, ಆದ್ದರಿಂದ ಕೆನಡಾ.

ನಮ್ಮ ಅತ್ತೆ ಬಂದದ್ದೂ ನನ್ನ ಹೆಂಡತಿ ಸುಮಾಳ ಬಾಣಂತನಕ್ಕೆ. ಆದರೆ ಅವರಿಗೆ ವ್ಯಾಂಕೂವರ್ ಬರೀ ಸಂಭಾವನೆಯಾಗಿರಲಿಲ್ಲ, ಮರ್ಯಾದೆಯ ಪ್ರಶ್ನೆಯಾಗಿತ್ತು. ಕಾರಣ ಅವರ ವಾರಗಿತ್ತಿ, ಅಂದರೆ ನಮ್ಮ ಮಾವನವರ ತಮ್ಮನ ಹೆಂಡತಿ, ಜಯ ಚಿಕ್ಕಮ್ಮ. ಮೈಸೂರಿನ ಸರಸ್ವತಿಪುರಂನಲ್ಲಿ ಇಬ್ಬರ ಮನೆಗೂ ಎರಡೇ ರಸ್ತೆಯ ಅಂತರ. ಮದುವೆಯಾದಾಗಿನಿಂದ ಒಬ್ಬರ ಸೀರೆಯ ಅಂಚನ್ನು ಇನ್ನೊಬ್ಬರು ಅಳೆಯುತ್ತ ಬಂದವರು. ಜಯ ಚಿಕ್ಕಮ್ಮ ಮೂರು ವರ್ಷ ಮೊದಲೇ ಸೊಸೆಯ ಬಾಣಂತನಕ್ಕೆಂದು ಕ್ರಾಸ್‌ರೋಡ್ಸ್‌ನಲ್ಲಿದ್ದ ಮಗನ ಅಪಾರ್ಟ್‌ಮೆಂಟಿಗೆ ಬಂದು ಹೋಗಿದ್ದರು. ಹೋದ ಮೇಲೆ ಆಕೆಯ ಮಾತಿಗೆಲ್ಲ ವ್ಯಾಂಕೂವರಿನ ಒಗ್ಗರಣೆ. ಯಾರದೋ ಗೃಹಪ್ರವೇಶದಲ್ಲಿ ಗಾಳಿ ಚೆನ್ನಾಗಿದೆ ಎಂದರೆ, ವ್ಯಾಂಕೂವರ್ ಸಮುದ್ರದ ಗಾಳಿಯನ್ನು ನೀವು ನೋಡಬೇಕಿತ್ತು ಎನ್ನುವರು. ನಾಮಕರಣದಲ್ಲಿ ತೊಟ್ಟಿಲು ತೂಗಿದರೂ ಆಕೆಗೆ ಅಲ್ಲಿನ ತೂಗುಸೇತುವೆಯೇ ನೆನಪಾಗುತ್ತಿತ್ತು. ಫೋಟೊ ಇದ್ದ ಫೋನು ಮಾತ್ರ ಕೆಟ್ಟುಹೋಗಿತ್ತಂತೆ. ಅದರಿಂದ ಯಾರಿಗೂ ಬೇಸರವಾಗಲಿಲ್ಲ, ಫೋಟೊ ನೋಡುವುದಾದರೂ ತಪ್ಪಿತಲ್ಲ ಎಂದು ನೆಂಟರೆಲ್ಲ ಸಮಾಧಾನಪಟ್ಟರು. ಅತ್ತೆ ಮಾತ್ರ ಒಳಗೊಳಗೇ ಕುದಿಯುತ್ತಿದ್ದರು. ನಮ್ಮ ಮಗು ಹುಟ್ಟಿದ ಸುದ್ದಿ ಕೇಳಿ ಅವರಿಗೆ ಎರಡು ಸಂತೋಷವಾಯಿತೆಂದು ಸುಮಾ ಹೇಳುತ್ತಾಳೆ, ಅದರಲ್ಲಿ ಮೊಮ್ಮಗಳದ್ದು ಒಂದು.

ಅಂತೂ ಆ ಶನಿವಾರ ಬಂತು. ಪುಳಿಯೋಗರೆ ಕಲೆಸಿದ್ದಾಯಿತು. ಅತ್ತೆ ಮೈಸೂರು ಸಿಲ್ಕ್ ಸೀರೆ ಉಟ್ಟು, ಮೇಲೆ ನನ್ನ ಆಫೀಸಿನ ಹೆಸರಿರುವ ಜಾಕೆಟ್ಟು ತೊಟ್ಟು, ಸುಮಾಳ ಓಟದ ಬೂಟು ಹಾಕಿಕೊಂಡು ಮುಂದಿನ ಸೀಟಿನಲ್ಲಿ ಕೂತರು. ಕಾರು ಹೆದ್ದಾರಿ ಸೇರುವ ಮೊದಲೇ ಮನೆಮಂದಿಯ ವಾಟ್ಸ್‌ಆ್ಯಪ್ ಗುಂಪಿಗೆ ವ್ಯಾಂಕೂವರಿಗೆ ಹೊರಟೆವೆಂದು ಸುದ್ದಿ ಹೋಯಿತು. ಚೆನ್ನಾಗಿ ನೋಡಿಕೊಂಡು ಬನ್ನಿ, ಫೋಟೊ ಕಳಿಸಿ ಎಂದು ಜಯ ಚಿಕ್ಕಮ್ಮ ಆ ಕ್ಷಣವೇ ಉತ್ತರ ಬರೆದರು. ಅದನ್ನು ಅತ್ತೆ ದಾರಿಯುದ್ದಕ್ಕೂ ಎರಡು ಮೂರು ಸಲ ಓದಿದರು.

ಗಡಿಯಲ್ಲಿ ಕೆನಡಾದ ಅಧಿಕಾರಿ ಪಾಸ್‌ಪೋರ್ಟುಗಳನ್ನು ತಿರುವಿಹಾಕಿ, ತಾಯಿಯವರ ಕೆನಡಾ ವೀಸಾ ಎಲ್ಲಿ ಎಂದು ಕೇಳಿದ. ಅಮೆರಿಕದ ವೀಸಾ ಇದೆಯಲ್ಲ ಎಂದು ನಾನು ಬೆರಳಿಟ್ಟು ತೋರಿಸಿದೆ. ಅದು ಅಮೆರಿಕದ್ದು ಎಂದು ಆತ ಮಗುವಿಗೆ ಹೇಳುವಂತೆ ಹೇಳಿದ. ನನಗೂ ಸುಮಾಳಿಗೂ ಗ್ರೀನ್ ಕಾರ್ಡ್ ಇತ್ತು, ಮಗು ಇಲ್ಲೇ ಹುಟ್ಟಿದ್ದು, ನಮಗ್ಯಾರಿಗೂ ಕೆನಡಾ ವೀಸಾ ಬೇಕಿರಲಿಲ್ಲ. ವರ್ಷಗಟ್ಟಲೆ ಬೇಕಾದ ಹಾಗೆ ಆಚೆ ಈಚೆ ಓಡಾಡಿ, ಕೆನಡಾ ನನ್ನ ಹಿತ್ತಲು ಎಂದುಕೊಂಡಿದ್ದೆ. ಹಿಂದೆ ನಾನು ಕರೆದೊಯ್ದ ಅತಿಥಿಗಳೆಲ್ಲ ತಮ್ಮ ತಮ್ಮ ವೀಸಾ ತಾವೇ ಮಾಡಿಸಿಕೊಂಡು ಬಂದಿದ್ದರೆಂಬುದು ಮಹಾನುಭಾವನಾದ ನನ್ನ ತಲೆಗೆ ಹೊಳೆದೇ ಇರಲಿಲ್ಲ. ಆಫೀಸಿನಲ್ಲಿ ಇಂಥ ತಪ್ಪು ಆಗದಂತೆ ನೋಡಿಕೊಳ್ಳುವುದೇ ನನ್ನ ಕೆಲಸ. ಅಧಿಕಾರಿ ಬಹಳ ವಿನಯದಿಂದ ಕ್ಷಮೆ ಕೇಳಿ, ಕಾರು ತಿರುಗಿಸಲು ದಾರಿ ತೋರಿಸಿದ. ಅಮೆರಿಕದ ಕಡೆ ಮತ್ತೆ ಸಾಲು. ಅಲ್ಲಿಯವನು ಕೆನಡಾದಲ್ಲಿ ಎಷ್ಟು ದಿನ ಇದ್ದಿರಿ ಎಂದು ಕೇಳಿದ. ಕಾರು ತಿರುಗಿಸುವಷ್ಟು ಹೊತ್ತು ಎಂದೆ.

ಅತ್ತೆ ನನ್ನನ್ನು ಬಯ್ಯಲಿಲ್ಲ. ಅಳಿಯನನ್ನು ಬಯ್ಯುವ ಪದ್ಧತಿ ಅವರಲ್ಲಿಲ್ಲ, ಆ ಕೆಲಸವನ್ನು ಸುಮಾ ಹಿಂದಿನ ಸೀಟಿನಿಂದ ಸಾಂಗವಾಗಿ ನಡೆಸಿದಳು. ಅತ್ತೆ ಕಿಟಕಿಯ ಕಡೆಗೇ ನೋಡುತ್ತಿದ್ದರು. ಹಾಗೇ ಮೆಲ್ಲಗೆ ಕೇಳಿದರು.

“ಹೊರಟ್ವಿ ಅಂತ ಹೇಳಿಬಿಟ್ಟಿದೀನಲ್ಲ. ಈಗ ಜಯಂಗೆ ಏನ್ ಹೇಳ್ಲಿ?”

ಆ ದನಿ ಕೇಳಿ ನನಗೆ ನಿಜವಾಗಿ ಸಂಕಟವಾಯಿತು. ಉಪಾಯ ಹೇಳಿದವಳು ಸುಮಾ. ವ್ಯಾಂಕೂವರಿನಲ್ಲಿರುವುದು ಸಮುದ್ರ, ಮುಕಿಲ್ಟಿಯೊದಲ್ಲಿರುವುದೂ ಸಮುದ್ರ, ಫೋಟೊದಲ್ಲಿ ನೀರಿನ ಮೇಲೆ ದೇಶದ ಹೆಸರು ಬರೆದಿರುವುದಿಲ್ಲ ಎಂದಳು. ಮನೆಗೆ ಹೋಗುವ ದಾರಿಯಲ್ಲೇ ಮುಕಿಲ್ಟಿಯೊ. ಪುಟ್ಟದೊಂದು ಲೈಟ್‌ಹೌಸ್, ದಡದಲ್ಲಿ ಬಿದ್ದ ಮರದ ದಿಮ್ಮಿಗಳು, ಆಚೆ ದ್ವೀಪಕ್ಕೆ ಹೋಗುವ ದೊಡ್ಡ ಫೆರಿ. ಅಲ್ಲಿ ಅತ್ತೆಯನ್ನು ನಿಲ್ಲಿಸಿ ಬಗೆಬಗೆಯಾಗಿ ಫೋಟೊ ತೆಗೆದೆ. ಊರಿನ ಹೆಸರಿದ್ದ ಫಲಕದ ಮುಂದೆ ಅವರನ್ನೇ ನಿಲ್ಲಿಸಿದೆ. ಸೀರೆ, ಜಾಕೆಟ್ಟು ಎಲ್ಲ ಸೇರಿ ಫಲಕ ಪೂರ್ತಿ ಮುಚ್ಚಿತು. ಆಗಲೇ ನನಗೆ ಗೊತ್ತಾದದ್ದು, ನಾನು ಇಷ್ಟು ವರ್ಷ ವ್ಯಾಂಕೂವರಿನಲ್ಲಿ ತೆಗೆದ ಫೋಟೊಗಳೂ ಹೀಗೇ ಇವೆ. ನಮ್ಮವರು ಊರಿನ ಮುಂದೆ ನಿಂತರೆ ಊರು ಕಾಣುವುದಿಲ್ಲ. ದಿಮ್ಮಿಯ ಮೇಲೆ ಕೂತು ಪುಳಿಯೋಗರೆ ತಿಂದೆವು. ಅತ್ತೆಗೆ ಗೆಲುವು ಬಂತು, ಚಪ್ಪಾಳೆ ತಟ್ಟಿ ಹಕ್ಕಿಗಳನ್ನು ಓಡಿಸಿದರು. ಫೋಟೊಗಳನ್ನು ವ್ಯಾಂಕೂವರಿನವೆಂದು ಹೆಸರಿಟ್ಟು ಗುಂಪಿಗೆ ಕಳಿಸಿದೆವು. ಆಗ ಮೈಸೂರು ಮಲಗಿತ್ತು.

ಸಂಜೆಗೆ ಮೈಸೂರು ಎದ್ದಿತು. ಮೊದಲ ಫೋನೇ ಜಯ ಚಿಕ್ಕಮ್ಮನದು. ಅತ್ತೆ ಮಗುವನ್ನು ತೊಡೆಯ ಮೇಲೆ ಹಾಕಿಕೊಂಡಿದ್ದರಿಂದ ನಾನೇ ಸ್ಪೀಕರ್ ಒತ್ತಿ ಎದುರಿಗೆ ಹಿಡಿದೆ. ಸಿಕ್ಕಿಬಿದ್ದೆವು ಎಂದೇ ನನ್ನ ಎಣಿಕೆ. ವ್ಯಾಂಕೂವರ್ ಕಂಡವರಿಗೆ ಮುಕಿಲ್ಟಿಯೊದ ಆ ಸಣ್ಣ ಲೈಟ್‌ಹೌಸ್ ಗುರುತು ಸಿಗದೆ ಹೋಗುತ್ತದೆಯೇ?

“ಫೋಟೊ ನೋಡ್ದೆ ಅಕ್ಕ. ಆ ಲೈಟ್‌ಹೌಸ್ ಹತ್ರಾನೇ ನಾವೂ ನಿಂತಿದ್ವಿ, ಅದೇ ಜಾಗ. ಅದರ ಹಿಂದೇನೇ ತೂಗುಸೇತುವೆ ಅಲ್ವಾ? ಹತ್ತಿದ್ರಾ?”

ಮುಕಿಲ್ಟಿಯೊದ ಲೈಟ್‌ಹೌಸಿನ ಹಿಂದೆ ಇರುವುದು ಫೆರಿಗೆ ಕಾಯುವ ಕಾರುಗಳ ಸಾಲು. ನನಗೆ ಕುಣಿಯುವಷ್ಟು ಖುಷಿಯಾಯಿತು. ಮೂರು ವರ್ಷ ನೆಂಟರ ತಲೆ ತಿಂದ ವ್ಯಾಂಕೂವರ್ ಪೂರಾ ಬುರುಡೆ! ಅತ್ತೆಗೆ ಕೈಸನ್ನೆ ಮಾಡಿದೆ, ಹಿಡೀರಿ, ಬಿಡಬೇಡಿ ಎಂದು. ಇಂಥ ಗಳಿಗೆಗಾಗಿ ಅವರು ಎಷ್ಟು ಕಾದಿದ್ದರೆಂದು ನನಗೆ ಗೊತ್ತಿತ್ತು. ಅತ್ತೆಗೂ ಅರ್ಥವಾಗಿತ್ತು, ಅವರ ಕಣ್ಣು ಅರಳಿದ್ದನ್ನು ನಾನು ನೋಡಿದೆ. ಆಮೇಲೆ ಅವರು ತೊಡೆಯ ಮೇಲಿದ್ದ ಮಗುವಿನ ಕಡೆ ನೋಡಿದರು.

“ಹತ್ತಿದ್ವಿ ಜಯ. ತುಂಬಾ ಅಲ್ಲಾಡುತ್ತೆ.”

“ಅಲ್ವಾ ಅಕ್ಕ? ನನಗಂತೂ ಜೀವವೇ ಹೋದಂಗಾಗಿತ್ತು,” ಎಂದರು ಜಯ ಚಿಕ್ಕಮ್ಮ. ದನಿಯಲ್ಲಿ ಎಂಥದೋ ನಿರಾಳ.

ಅಲ್ಲಿಂದ ಮುಂದೆ ಇಬ್ಬರೂ ಸೇರಿ ಒಂದು ವ್ಯಾಂಕೂವರ್ ಕಟ್ಟಿದರು. ಒಬ್ಬರು ಹೂವಿನ ಗಿಡ ನೆಟ್ಟರೆ ಇನ್ನೊಬ್ಬರು ಕಾರಂಜಿ ಇಟ್ಟರು. ಅಂಥ ಊರು ಕೆನಡಾದಲ್ಲೇನು, ಎಲ್ಲೂ ಇಲ್ಲ. ಫೋನಿಟ್ಟ ಮೇಲೆ ನಾನು ಪೆಚ್ಚಾಗಿ, ಯಾಕೆ ಬಿಟ್ಟಿರಿ ಎಂದು ಕೇಳಿದೆ. ಉತ್ತರ ಕೊಟ್ಟವಳು ಸುಮಾ. ಜಯ ಚಿಕ್ಕಮ್ಮ ಕ್ರಾಸ್‌ರೋಡ್ಸ್‌ನಲ್ಲಿದ್ದಾಗ ಒಂದು ದಿನ ಇವಳು ಮಾತಾಡಿಸಲು ಹೋಗಿದ್ದಳಂತೆ. ಮಗ ಸೊಸೆ ಇಬ್ಬರೂ ಲ್ಯಾಪ್‌ಟಾಪ್ ಮುಂದೆ. ಚಿಕ್ಕಮ್ಮ ಮಗುವನ್ನು ಎತ್ತಿಕೊಂಡು ಕಿಟಕಿಯ ಹತ್ತಿರ ಬಂದು, ಇಲ್ಲಿ ಸಮುದ್ರ ಯಾವ ಕಡೆ ಇದೆಯಮ್ಮ ಎಂದು ಕೇಳಿದ್ದರಂತೆ. ಬಂದು ಆಗಲೇ ನಾಲ್ಕು ತಿಂಗಳು ಕಳೆದಿತ್ತು.

“ಬಂದು ಏನೂ ನೋಡ್ಲಿಲ್ಲ ಅಂತ ಊರಲ್ಲಿ ಹೇಳಕ್ಕಾಗುತ್ತಾ?” ಎಂದರು ಅತ್ತೆ. “ಮಗ ಹೊರಗಡೆ ಕರ್ಕೊಂಡು ಹೋಗ್ಲಿಲ್ಲ ಅಂದಹಾಗಾಗುತ್ತಲ್ಲ. ಅವಳು ಮಗನ ಮಾನ ಉಳಿಸ್ಕೊಂಡಿದಾಳೆ. ಇವತ್ತು ನಿಮ್ಮದೂ ಉಳೀತು ಬಿಡಿ.”

ಕೊನೆಯ ಮಾತನ್ನು ನಗುತ್ತಲೇ ಹೇಳಿದರು, ಆದರೆ ಅದು ತಲುಪಬೇಕಾದಲ್ಲಿಗೆ ತಲುಪಿತು. ಆ ಶನಿವಾರದವರೆಗಿನ ಐದು ತಿಂಗಳಲ್ಲಿ ನಾನು ಅವರನ್ನು ಕರೆದೊಯ್ದಿದ್ದ ಅತಿ ದೂರದ ಜಾಗ ಮನೆ ಪಕ್ಕದ ನಾರ್ತ್ ಕ್ರೀಕ್‌ನ ಅಂಗಡಿ, ಅದೂ ಡಯಾಪರ್ ತರಲು. ನಮ್ಮ ಪೈಕಿ ಜಯ ಚಿಕ್ಕಮ್ಮನ ಮಗನೇ ಕಲ್ಲುಮನಸ್ಸಿನವನು ಎಂದು ಸುಮಾಳ ಮಾತು ಕೇಳುತ್ತ ಅಂದುಕೊಂಡವನು ನಾನು.

ಅತ್ತೆ ಊರಿಗೆ ಹೋದ ಮೇಲೆ ವಾರಗಿತ್ತಿಯರ ನಡುವೆ ಹಬ್ಬಕ್ಕೊಂದು ಸಲ ಆಗುತ್ತಿದ್ದ ಮಾತು ದಿನವಹಿಯಾಯಿತು. ಗೃಹಪ್ರವೇಶಗಳಲ್ಲಿ ಈಗ ಇಬ್ಬರೂ ಅಕ್ಕಪಕ್ಕ ಕೂತು ವ್ಯಾಂಕೂವರಿನ ವರ್ಣನೆ ಮಾಡುತ್ತಾರಂತೆ, ನೆಂಟರಿಗೆ ತಪ್ಪಿಸಿಕೊಳ್ಳಲು ದಾರಿಯೇ ಇಲ್ಲ. ಹೆರಿಗೆಗೆಂದು ಅಮೆರಿಕಕ್ಕೆ ಹೊರಟ ತಾಯಂದಿರು ಏನೇನು ನೋಡಬೇಕೆಂದು ಇವರನ್ನೇ ಕೇಳಲು ಬರುತ್ತಾರಂತೆ.

ಈಗ ಅತ್ತೆ ಎರಡನೆಯ ಸಲ ಬಂದಿದ್ದಾರೆ. ಊಟ ಆಯ್ತಾ ಪುಟ್ಟಿ ಎಂದು ಇವರು ಕನ್ನಡದಲ್ಲಿ ಕೇಳುವುದು, ‘ನಾಟ್ ಯೆಟ್’ ಎಂದು ಏಳು ವರ್ಷದ ಮೊಮ್ಮಗಳು ಇಂಗ್ಲಿಷಿನಲ್ಲಿ ಹೇಳುವುದು ನಡೆದಿದೆ. ಈ ಸಲ ನಾನು ಬುದ್ಧಿವಂತನಾಗಿ, ಅವರು ಹೊರಡುವ ಮೊದಲೇ ಕೆನಡಾ ವೀಸಾ ಮಾಡಿಸಿದ್ದೆ. ಕಳೆದ ಶನಿವಾರ ಪಕ್ಕದ ಮನೆಯ ವಾಸನೆ ಮೂಗಿಗೆ ಬಡಿದ ಕೂಡಲೇ ಬಾಯಿ ಮುಕ್ಕಳಿಸಿ ಕೆಳಗೆ ಹೋಗಿ, ಇವತ್ತೇ ನಾವೂ ಹೊರಡೋಣ, ಈ ಸಲ ನಿಜವಾದ ವ್ಯಾಂಕೂವರ್ ಎಂದೆ. ಅತ್ತೆ ಕಾಫಿ ಲೋಟ ನನ್ನ ಮುಂದಿಟ್ಟು, ಬೇಡ ಎಂದರು. ಮಂಡಿ ನೋವೇನೋ ಅಂದುಕೊಂಡು ವೀಲ್‌ಚೇರ್ ಸಿಗುತ್ತದೆ ಎಂದೆಲ್ಲ ಹೇಳತೊಡಗಿದೆ. ಅದಲ್ಲ ಎಂದು ತಡೆದರು.

“ಈಗ ಜಯ ಏನ್ ಹೇಳಿದ್ರೂ ಹೂಂ ಅಂತೀನಿ. ನಿಜವಾಗ್ಲೂ ನೋಡ್ಬಿಟ್ರೆ, ‘ಇಲ್ಲ ಜಯ, ಅದು ಹಾಗಿಲ್ಲ’ ಅಂತ ಯಾವತ್ತಾದ್ರೂ ಒಂದು ದಿನ ಬಾಯಿಗೆ ಬಂದ್ಬಿಡುತ್ತೆ.”

ಕಾಫಿ ಕುಡಿದು ಕಾರಿನ ಕೀಲಿಯನ್ನು ಮೊಳೆಗೆ ತೂಗುಹಾಕಿದೆ. ಅತ್ತೆ ಮಗ್ಗುಲಿನ ಕುರ್ಚಿಯಲ್ಲಿ ಕೂತು, ಸ್ಪೀಕರ್ ಒತ್ತಿ ಮೈಸೂರಿಗೆ ಫೋನು ಮಾಡಿದರು. ಅಳಿಯಂದಿರು ಮತ್ತೆ ವ್ಯಾಂಕೂವರಿಗೆ ಹೋಗೋಣವೆಂದು ಹಟ ಹಿಡಿದಿದ್ದಾರೆ, ನಾನೇ ಬೇಡವೆಂದೆ, ಒಂದು ಸಲ ನೋಡಿದ್ದೇ ಸಾಕಲ್ಲವೇನೇ ಎಂದು ಕೇಳಿದರು. ಹೌದಕ್ಕ, ನಮಗೆ ಒಂದು ಸಲ ನೋಡಿದ್ದೇ ಸಾಕು ಎಂದರು ಜಯ ಚಿಕ್ಕಮ್ಮ.